ದೊಡ್ಡಕ್ಕ ಆರನೇ ಹಾಸಿಗೆಯಲ್ಲಿ

ನಮ್ಮದು ಹೆಂಗಸರ ಮೂಳೆ ವಾರ್ಡು. ಹನ್ನೆರಡು ಹಾಸಿಗೆ, ಐದು ಜನ ನರ್ಸುಗಳು, ಎಲ್ಲರ ಮೇಲೆ ದೊಡ್ಡಕ್ಕ. ಬಾಗಿಲ ಮೇಲೆ ಹೆಡ್ ನರ್ಸ್ ಅಂತ ಬರೆದಿದ್ದರೂ ಅವರನ್ನು ಯಾರೂ ಹಾಗೆ ಕರೆದದ್ದಿಲ್ಲ. ಕಿಟಕಿ ಎಷ್ಟು ತೆರೆಯಬೇಕು ಅನ್ನೋದರಿಂದ ಹಿಡಿದು ಯಾವ ಪೇಷಂಟ್ ಯಾವತ್ತು ಎದ್ದು ನಿಲ್ಲಬೇಕು ಅನ್ನೋವರೆಗೆ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅವರದೇ ಮಾತು. ಡಾಕ್ಟರುಗಳೂ ಒಮ್ಮೆ ಅವರ ಮುಖ ನೋಡಿಕೊಂಡೇ ಚೀಟಿ ಬರೆಯುತ್ತಿದ್ದರು.

ನಮ್ಮ ಐವರಲ್ಲಿ ಹಿರಿಯಳು ಗುಬ್ಬಿ. ಆಳು ಪುಟ್ಟದು, ನಡಿಗೆ ಚುರುಕು, ಅದಕ್ಕೇ ಆ ಹೆಸರು. ಕೈಯಂತೂ ಹೂವು, ಸೂಜಿ ಚುಚ್ಚಿದ್ದು ಪೇಷಂಟಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಹತ್ತು ವರ್ಷ ಕೆಲಸ ಮಾಡಿದ್ದರೂ ಯಾರು ಏನು ಕೇಳಿದರೂ ಒಂದೇ ಉತ್ತರ: “ತಡೀರಿ, ದೊಡ್ಡಕ್ಕನ್ನ ಕೇಳಿ ಹೇಳ್ತೀನಿ.” ಇನ್ನೊಂದು ದಿಂಬು ಕೊಡಮ್ಮ ಅಂದರೂ ಅದೇ. ಗಂಟೆ ಎಷ್ಟು ಅಂತ ಕೇಳಿದವರಿಗೂ ಹಾಗೇ ಅಂದಳು ಅಂತ ನಾವು ಕಥೆ ಕಟ್ಟಿ ನಗುತ್ತಿದ್ದೆವು. ನಾವೇನು ಕಮ್ಮಿ ಇರಲಿಲ್ಲ ಅನ್ನಿ. ಅವಳು ಬಾಯಿಬಿಟ್ಟು ಹೇಳುತ್ತಿದ್ದಳು, ನಾವು ಸುಮ್ಮನೆ ಹೋಗಿ ಕೇಳಿ ಬರುತ್ತಿದ್ದೆವು.

ಒಂದು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದ ದೊಡ್ಡಕ್ಕ, ಹಿಂದೆ ಬರುತ್ತಿದ್ದ ಲಾಂಡ್ರಿಯವನನ್ನು ಬೈಯಲು ತಿರುಗಿದವರು ಕೊನೆಯ ಮೆಟ್ಟಿಲು ತಪ್ಪಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ನಮ್ಮ ವಾರ್ಡಿಗೇ ಬಂದರು. ಖಾಲಿ ಇದ್ದದ್ದು ಆರನೇ ಹಾಸಿಗೆ ಒಂದೇ, ಸರಿಯಾಗಿ ವಾರ್ಡಿನ ನಡುಮಧ್ಯ.

ಆಫೀಸಿನವರು ಬೇರೆ ಹೆಡ್ ನರ್ಸ್ ಕಳಿಸಲಿಲ್ಲ. “ಸದ್ಯಕ್ಕೆ ನೀವೇ ನೋಡ್ಕೊಳ್ಳಿ” ಅಂತ ಬೀರುವಿನ ಬೀಗದಕೈ ಗುಬ್ಬಿಯ ಕೈಗಿಟ್ಟು ಹೋದರು. ಅವಳ ಮುಖ ಸುಣ್ಣದ ಹಾಗಾಯಿತು.

ಮೊದಲೆರಡು ದಿನ ಅವಳ ಓಡಾಟವೆಲ್ಲ ಆರನೇ ಹಾಸಿಗೆಗೇ. ಮಂಪರಿನಲ್ಲಿದ್ದರೂ ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ ಅಪ್ಪಣೆ ಕೊಡುತ್ತಿದ್ದರು. ಮೂರನೇ ದಿನ ಒಂಬತ್ತನೇ ಹಾಸಿಗೆಯ ಟೀಚರಮ್ಮನಿಂದ ನಮಗೆ ತಲೆನೋವು ಶುರುವಾಯಿತು.

ಟೀಚರಮ್ಮ ರಿಟೈರಾದ ಸ್ಕೂಲ್ ಮೇಡಂ. ಆಪರೇಷನ್ ಆದಾಗಿನಿಂದ ಬುದ್ಧಿ ಸ್ವಲ್ಪ ಅತ್ತಿತ್ತ ಆಗಿತ್ತು. ವಯಸ್ಸಾದವರಿಗೆ ಹೀಗಾಗುತ್ತೆ, ಕೆಲವು ದಿನದಲ್ಲಿ ತಿಳಿಯಾಗುತ್ತೆ. ಆದರೆ ಅಷ್ಟರೊಳಗೆ ಆಕೆ ಎರಡು ಸಲ ಡ್ರಿಪ್ಪಿನ ಸೂಜಿ ಕಿತ್ತು ಹಾಕಿದ್ದರು. ಕೈ ಕಟ್ಟಿ ಅಂತ ಡಾಕ್ಟರು ಬರೆದುಹೋದರು. ಮೆತ್ತನೆ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದೆವು. ಆಕೆ ಕಿರುಚಲಿಲ್ಲ. “ನಾನೇನು ತಪ್ಪು ಮಾಡ್ದೆ?” ಅಂತ ಮಕ್ಕಳ ಹಾಗೆ ಕೇಳಿದರು. ಊಟ ಬಾಯಿಗೆ ತಂದರೆ ಮುಖ ತಿರುಗಿಸಿದರು.

ಆಕೆಯ ಗಂಡ ಹಳೇ ಬಸ್ ಡ್ರೈವರ್. ಬೆಳಿಗ್ಗೆ ಎಂಟಕ್ಕೇ ಬಂದು ಗೇಟಿನ ಬೆಂಚಿನ ಮೇಲೆ ಕೂರುವರು, ಒಳಗೆ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ನಾಲ್ಕಕ್ಕೆ ಮುಂಚೆ ಗಂಡಸರು ವಾರ್ಡಿನೊಳಗೆ ಕಾಲಿಡಕೂಡದು ಅನ್ನೋದು ದೊಡ್ಡಕ್ಕ ಮಾಡಿದ ನಿಯಮ. ಅದೂ ಸುಮ್ಮನೆ ಮಾಡಿದ್ದಲ್ಲ. ಡ್ರೆಸ್ಸಿಂಗ್ ಮಾಡುವ ಹೊತ್ತಿಗೆ ಯಾರ್ಯಾರೋ ಓಡಾಡುತ್ತಾರೆ ಅಂತ ಹಿಂದೊಮ್ಮೆ ಒಬ್ಬ ಹುಡುಗಿ ಅತ್ತಿದ್ದಳು. ಆದರೆ ನಾಲ್ಕಕ್ಕೆ ಗಂಡ ಬಂದು ಪಕ್ಕ ಕೂತರೆ ಟೀಚರಮ್ಮ ತಣ್ಣಗಾಗುತ್ತಿದ್ದರು, ಎರಡು ಗುಟುಕು ಸೂಪೂ ಕುಡಿಯುತ್ತಿದ್ದರು. ಅದನ್ನು ಗಮನಿಸಿದವಳು ಗುಬ್ಬಿ.

ಅವಳು ಆರನೇ ಹಾಸಿಗೆಯ ಹತ್ತಿರ ಹೋದಳು. ನಾನು ಪಕ್ಕದಲ್ಲೇ ಹಾಸಿಗೆ ಸರಿಮಾಡುತ್ತಿದ್ದೆ.

“ದೊಡ್ಡಕ್ಕ, ಟೀಚರಮ್ಮನ ಯಜಮಾನರನ್ನ ಬೆಳಿಗ್ಗೆಯಿಂದ್ಲೇ ಒಳಗೆ ಬಿಡ್ಲಾ? ಕೈ ಬಿಚ್ಚಬಹುದು ಅನ್ಸುತ್ತೆ.”

ದೊಡ್ಡಕ್ಕನ ಬಾಯಿ ತೆರೆಯಿತು. ಉತ್ತರ ನಾಲಿಗೆ ತುದಿಯವರೆಗೆ ಬಂದದ್ದು ನನಗೇ ಕಂಡಿತು. ಅದನ್ನು ನುಂಗಿಕೊಂಡರು.

“ನಾನೀಗ ಯಾರೇ?”

“ದೊಡ್ಡಕ್ಕ.”

“ಪೇಷಂಟ್ ಕಣೇ. ಪೇಷಂಟನ್ನ ಕೇಳಿ ಯಾರಾದ್ರೂ ವಾರ್ಡ್ ನಡೆಸ್ತಾರಾ? ಹೋಗು, ನನಗೆ ಸೊಂಟ ನೋಯ್ತಿದೆ.”

ಗುಬ್ಬಿ ಔಷಧಿ ಕೋಣೆಗೆ ಹೋಗಿ ಹತ್ತು ನಿಮಿಷ ನಿಂತಿದ್ದಳು. ಅಳುತ್ತಿದ್ದಾಳೇನೋ ಅಂತ ಇಣುಕಿದೆ. ಅತ್ತಿರಲಿಲ್ಲ, ಉಗುರು ಕಚ್ಚುತ್ತಿದ್ದಳು. ಹೊರಗೆ ಬಂದವಳು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಪೇಷಂಟುಗಳ ಜೊತೆ ಮಾತಾಡತೊಡಗಿದಳು. ಒಂಬತ್ತನೇ ಮಂಚವನ್ನು ಬಾಗಿಲ ಪಕ್ಕದ ಮೂಲೆಗೆ ಸರಿಸಿ ಸುತ್ತ ಪರದೆ ಹಾಕಿದರೆ, ಆ ಅಜ್ಜ ಒಳಗಿರಬಹುದಾ? ನಿಮಗೆ ಮುಜುಗರ ಆಗುತ್ತಾ? ಎಲ್ಲರೂ ಆಗಲಿ ಅಂದರು. ಮೂರನೇ ಹಾಸಿಗೆಯ ಹೆಂಗಸು ಮಾತ್ರ, “ನನ್ನ ಡ್ರೆಸ್ಸಿಂಗ್ ಟೈಮಲ್ಲಿ ಆಚೆ ಇರ್ಲಿ” ಅಂದಳು. ನ್ಯಾಯವೇ. ಹತ್ತರಿಂದ ಹನ್ನೊಂದು ಡ್ರೆಸ್ಸಿಂಗಿನ ಹೊತ್ತು, ಆಗ ಅಜ್ಜ ಹೊರಗಿರಬೇಕು ಅಂತ ಗೊತ್ತುಮಾಡಿದಳು. ಆಮೇಲೆ ತಾನೇ ಗೇಟಿಗೆ ಹೋಗಿ ಅವರನ್ನು ಕರೆತಂದಳು.

ಅಜ್ಜ ಕುರ್ಚಿ ಎಳೆದುಕೊಂಡು ಹೆಂಡತಿಯ ಎರಡೂ ಅಂಗೈ ತಮ್ಮ ಕೈಯಲ್ಲಿಟ್ಟುಕೊಂಡ ಮೇಲೆಯೇ ಅವಳು ಪಟ್ಟಿ ಬಿಚ್ಚಿದ್ದು.

ರೌಂಡ್ಸಿಗೆ ಬಂದ ಡಾಕ್ಟರ ಹುಬ್ಬು ಮೇಲೇರಿತು.

“ಇವರು ಇಲ್ಲೇನ್ ಮಾಡ್ತಿದ್ದಾರೆ? ಕೈ ಯಾಕೆ ಬಿಚ್ಚಿದ್ದೀರ? ಯಾರು ಹೇಳಿದ್ದು?”

ಅಭ್ಯಾಸಬಲದಿಂದ ನಮ್ಮೆಲ್ಲರ ಕಣ್ಣೂ ಆರನೇ ಹಾಸಿಗೆಯ ಕಡೆ ಹೊರಳಿತು. ದೊಡ್ಡಕ್ಕ ಗಾಢ ನಿದ್ದೆಯಲ್ಲಿದ್ದರು. ನಿದ್ದೆಯಂತೆ! ಹೊದಿಕೆಯ ತುದಿಯಲ್ಲಿ ಕಾಲಿನ ಹೆಬ್ಬೆರಳು ಪಟಪಟ ಅಲ್ಲಾಡುತ್ತಿತ್ತು.

“ನಾನೇ ಹೇಳಿದ್ದು, ಡಾಕ್ಟರ್,” ಅಂದಳು ಗುಬ್ಬಿ. “ಕಟ್ಟಿದಷ್ಟೂ ಎಳೆದಾಡ್ತಾರೆ. ಇವರು ಪಕ್ಕದಲ್ಲಿದ್ರೆ ಎಳೆಯಲ್ಲ. ನಾವೂ ಅರ್ಧ ಗಂಟೆಗೊಮ್ಮೆ ನೋಡ್ತೀವಿ.”

“ಏನಾದ್ರೂ ಆದ್ರೆ?”

“ನಾನೇ ಬರೆದು ಸಹಿ ಹಾಕ್ತೀನಿ.”

“ಸರಿ, ನೋಡೋಣ” ಅಂದು ಡಾಕ್ಟರು ಮುಂದೆ ಹೋದರು. ಮಾರನೇ ದಿನ ಅದು ಆಗಿಯೇಬಿಟ್ಟಿತು. ಮಧ್ಯಾಹ್ನ ಅಜ್ಜನಿಗೆ ಕೂತಲ್ಲೇ ಜೊಂಪು ಹತ್ತಿ, ಟೀಚರಮ್ಮ ಸೂಜಿ ಕಿತ್ತರು. ಹೊದಿಕೆಯೆಲ್ಲ ರಕ್ತ. ಅಜ್ಜ, “ಮೂವತ್ತು ವರ್ಷ ಬಸ್ ಓಡಿಸ್ದೆ ಸಿಸ್ಟರ್, ಒಂದ್ಸಲನೂ ಕಣ್ಣು ಮುಚ್ಚಿರ್ಲಿಲ್ಲ” ಅಂದರು. ಗುಬ್ಬಿ ಟೀಚರಮ್ಮನ ಗಾಯ ಒತ್ತಿಹಿಡಿದು, ಅಜ್ಜನ ಬೆನ್ನು ಸವರಿ, ಆಮೇಲೆ ನಡೆದದ್ದನ್ನು ನಡೆದ ಹಾಗೇ ಪುಸ್ತಕದಲ್ಲಿ ಬರೆದಳು. ಊಟದ ಹೊತ್ತಾಗಿ ನಾವೆಲ್ಲ ಬೇರೆ ಕಡೆ ಇದ್ದೆವು, ಅರ್ಧ ಗಂಟೆಗೊಮ್ಮೆ ನೋಡುವುದು ತನ್ನಿಂದಲೇ ತಪ್ಪಿತು ಅಂತಲೂ ಬರೆದಳು. ಅಷ್ಟು ಬರೆಯಬೇಡ ಅಂದೆ. ಕೇಳಲಿಲ್ಲ.

ಡಾಕ್ಟರು ಓದಿ, “ನೋಡಿದ್ರಾ? ಮತ್ತೆ ಕಟ್ಟಿ” ಅಂದರು.

ಗುಬ್ಬಿ ಚಾರ್ಟ್ ಮುಂದೆ ಹಿಡಿದಳು. “ನಿನ್ನೆಯಿಂದ ಎಂಟು ಲೋಟ ಕುಡಿದಿದ್ದಾರೆ ಡಾಕ್ಟರ್. ಹಾಲು, ಸೂಪು, ನೀರು, ಹೊತ್ತು ಸಮೇತ ಬರೆದಿದ್ದೀನಿ. ಮೂತ್ರ ಚೆನ್ನಾಗಿ ಹೋಗ್ತಿದೆ. ಔಷಧಿನೂ ಬಾಯಲ್ಲೇ ಕೊಡಬಹುದಲ್ವಾ? ಇನ್ನು ಡ್ರಿಪ್ ಬೇಕಾ?”

ಅವರು ಚಾರ್ಟನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಟೀಚರಮ್ಮನ ನಾಲಿಗೆ ನೋಡಿದರು. ಪೆನ್ನು ತೆಗೆದು ಡ್ರಿಪ್ ನಿಲ್ಲಿಸಿ ಅಂತ ಬರೆದರು. ಹೋಗುವಾಗ, “ನನಗೇ ಹೊಳೀಬೇಕಿತ್ತು” ಅಂತ ಗೊಣಗಿದರು. ಒಳ್ಳೆಯ ಮನುಷ್ಯ, ಅವಸರ ಜಾಸ್ತಿ ಅಷ್ಟೆ.

ಡ್ರಿಪ್ ನಿಲ್ಲಿಸಿದ ಮಾರನೇ ಬೆಳಿಗ್ಗೆ ಟೀಚರಮ್ಮ ಗಂಡನನ್ನು ದಿಟ್ಟಿಸಿ ನೋಡಿ, “ಏನ್ರೀ ಇದು ಗಡ್ಡ? ನಾಲ್ಕು ದಿನ ನಾನು ಮಲಗಿದ್ರೆ ಕ್ಷೌರ ಮಾಡ್ಕೊಳ್ಳೋಕೂ ಆಗಲ್ವಾ?” ಅಂದರು. ಬೈಸಿಕೊಂಡ ಅಜ್ಜ ಇಡೀ ವಾರ್ಡಿಗೆ ಕೇಳುವ ಹಾಗೆ, “ಬಂದ್ಳು! ನಮ್ಮೋಳು ವಾಪಸ್ ಬಂದ್ಳು!” ಅಂತ ಕೂಗಿದರು. ಮೂರನೇ ಹಾಸಿಗೆಯವಳು ಚಪ್ಪಾಳೆ ತಟ್ಟಿದಳು.

ಅವತ್ತು ಗುಬ್ಬಿ ಮೊದಲ ಸಲ ದೊಡ್ಡಕ್ಕನನ್ನು ಎಬ್ಬಿಸಿ ನಿಲ್ಲಿಸಿದಳು. ಸೊಂಟಕ್ಕೆ ಕೈ ಕೊಟ್ಟು ಹಿಡಿದಿದ್ದಳು. ದೊಡ್ಡಕ್ಕನ ಹಣೆಯಲ್ಲಿ ಬೆವರು.

“ಸುಳ್ಳು ಹೇಳಲ್ಲ ಕಣೇ,” ಅಂದರು, ಏದುಸಿರು ಬಿಡುತ್ತಾ. “ನಾನು ಕೈಬಿಟ್ರೆ ವಾರ್ಡ್ ಬಿದ್ದೇಹೋಗುತ್ತೆ ಅಂದ್ಕೊಂಡಿದ್ದೆ. ಬೀಳ್ಲಿಲ್ಲ. ಹೊಟ್ಟೆ ಉರೀತು.”

“ಆಮೇಲೆ?”

“ಆಮೇಲೆ ಹಸಿವಾಯ್ತು. ಬ್ರೆಡ್ ತಿಂದು ಮಲಗಿದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಮಲಗಿರ್ಲಿಲ್ಲ.”

ಗುಬ್ಬಿ ನಕ್ಕಳು, ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ದೊಡ್ಡಕ್ಕ ತಮ್ಮ ಹೆಗಲಿನ ಟವೆಲಿನಿಂದ ಅವಳ ಕೆನ್ನೆ ಒರೆಸಿ, “ಅಳೋದಾದ್ರೆ ನನ್ನನ್ನ ಕೂರಿಸಿ ಅಳು, ಬೀಳಿಸಿಬಿಡ್ತೀಯ” ಅಂದರು.

ಮೂರು ತಿಂಗಳಾದ ಮೇಲೆ ದೊಡ್ಡಕ್ಕ ಊರುಗೋಲು ಹಿಡಿದು ಕೆಲಸಕ್ಕೆ ಬಂದರು. ಬಂದ ದಿನವೇ ಇಬ್ಬರಿಗೂ ಜಗಳ. ಹೊಸದಾಗಿ ಬಂದ ಪೇಷಂಟನ್ನು ಇವತ್ತೇ ನಡೆಸಬೇಕು ಅಂತ ಗುಬ್ಬಿ, ನಾಳೆ ಅಂತ ದೊಡ್ಡಕ್ಕ. ದನಿ ಕಾರಿಡಾರಿನವರೆಗೂ ಕೇಳಿಸಿತು. ಎಬ್ಬಿಸಿ ಕೂರಿಸಿದ ಕೂಡಲೇ ಪೇಷಂಟಿಗೆ ತಲೆಸುತ್ತು ಬಂತು. ದೊಡ್ಡಕ್ಕ ಹೇಳಿದ್ದೇ ಸರಿ ಅಂತ ಗುಬ್ಬಿ ಒಪ್ಪಿಕೊಂಡಳು. ಮುಂದಿನ ವಾರ ಸ್ನಾನದ ಹೊತ್ತು ಬದಲಾಯಿಸುವ ವಿಷಯದಲ್ಲಿ ಗುಬ್ಬಿ ಗೆದ್ದಳು. ಅವರಿಬ್ಬರನ್ನು ನೋಡಿ ನೋಡಿ ನಮಗೂ ಬಾಯಿ ಬಂದಿದೆ. ವಾರ್ಡಿನಲ್ಲಿ ಈಗ ಮಾತು ಜಾಸ್ತಿ.