ಕೈಮಾಯಿ ಏರಿನಲ್ಲಿ ಕಳಚಿದ ಮನೆ

ನ್ಯೂಜಿಲೆಂಡ್ ಸಮುದ್ರದಿಂದ ಎದ್ದ ದಿನದಿಂದ ಇಷ್ಟು ಭರ್ಜರಿಯಾಗಿ ಯಾರ ಮನೆಯೂ ಬಿದ್ದಿಲ್ಲ. ಕೈಮಾಯಿ ಗುಡ್ಡದ ಏರುರಸ್ತೆಯಿಂದ ನಲವತ್ತಾಳು ಕೆಳಗೆ, ಸರಿ, ನಾಲ್ಕಾಳು ಅನ್ನಿ, ಜರೀಗಿಡಗಳ ನಡುವೆ ನಮ್ಮ ಚಕ್ರದ ಮನೆ, ಕ್ಯಾರವಾನ್, ಅಂಗಾತ ಮಲಗಿತ್ತು. ಒಡೆದ ಕಿಟಕಿಯಿಂದ ಅಂಬುಜಾಳ ನೀಲಿ ಯೂನಿಫಾರ್ಮಿನ ಖಾಲಿ ತೋಳೊಂದು ಹೊರಗೆ ಜೋತಾಡುತ್ತಿತ್ತು.

ಅಂಬುಜಾ ನನ್ನ ಹೆಂಡತಿ, ಟೌರಂಗಾದ ಆಸ್ಪತ್ರೆಯಲ್ಲಿ ನರ್ಸ್. ನಾನು ಆಕ್ಲೆಂಡಿನ ಪೆನ್‌ರೋಸ್‌ನ ಗೋದಾಮೊಂದರಲ್ಲಿದ್ದೆ. ನಾನು ರಜೆ ಹಾಕಿದರೆ ಇಡೀ ದೇಶಕ್ಕೆ ಸಾಮಾನು ತಲುಪುತ್ತಿರಲಿಲ್ಲ. ಎರಡು ವರ್ಷ ಅವಳು ಅಲ್ಲಿ, ನಾನು ನ್ಯೂ ಲಿನ್‌ನಲ್ಲಿ. ಟೌರಂಗಾದಲ್ಲಿ ಇಬ್ಬರಿಗಾಗುವ ಬಾಡಿಗೆ ಮನೆ ಸಿಗಲೇ ಇಲ್ಲ. ಅವಳಿದ್ದ ಕೋಣೆ ಒಬ್ಬರಿಗೆ ಮಾತ್ರ. ಗಂಡ ಬಂದರೂ ಸಂಜೆಗೆ ಎದ್ದು ಹೋಗಬೇಕು. ಅದಕ್ಕೇ ಕ್ಯಾರವಾನ್ ಕೊಂಡೆ. ಕೆಲಸ ಬಿಟ್ಟೆ. ನ್ಯೂ ಲಿನ್ ಮನೆಯ ಕೀಲಿ ಹಿಂದಿರುಗಿಸಿದೆ. ಇನ್ನು ಮೇಲೆ ಇಬ್ಬರಿಗೂ ಒಂದೇ ಸೂರು.

ಹೊರಡುವ ಹಿಂದಿನ ದಿನ ಆಯುಧಪೂಜೆ. ಅಂಬುಜಾಳೂ ಬಂದಿದ್ದಳು. ಕ್ಯಾರವಾನನ್ನು ಎಳೆಯುವ ಗಾಡಿಗೆ ಬಿಗಿಯುವ ಸರಪಳಿಯನ್ನು ಬಿಚ್ಚಿ, ಹುಣಿಸೆಹಣ್ಣು ಹಾಕಿ ತಿಕ್ಕಿದೆ. ಪಟ್ಟದಾನೆಯ ಸರಪಳಿ ಅದರ ಮುಂದೆ ತುಕ್ಕು. ಚೆಂಡುಹೂವಿನ ಹಾರ ಸುತ್ತಿ, ಅದರ ತಿರುಪನ್ನು ಮತ್ತೆ ಬಿಗಿದೆ.

ಕ್ಯಾರವಾನ್ ಎಳೆಯಲು ತನ್ನ ಯೂಟ್, ಅಂದರೆ ಪಿಕಪ್ ಗಾಡಿ, ಕೊಟ್ಟ ಗೆಳೆಯ ವಾಸುದೇವ್ ಕೇಳಿದ, “ವೆಂಕಟೂ, ದಾರೀಲಿ ಕಳಚ್ಕೊಂಡ್ರೆ?”

“ಕಳಚಲಿ ಬಿಡು. ತಾನೇ ನಿಲ್ಲತ್ತೆ.”

ಕ್ಯಾರವಾನಿನ ಮೂತಿಯಲ್ಲೊಂದು ಪಿನ್ನು, ಪಿನ್ನಿನಿಂದ ಯೂಟಿಗೆ ಒಂದು ತಂತಿ. ಕೊಂಡಿ ಕಳಚಿದರೆ ತಂತಿ ಪಿನ್ನನ್ನು ಕೀಳುತ್ತದೆ, ಕ್ಯಾರವಾನಿನ ಸ್ವಂತ ಬ್ಯಾಟರಿ ಬ್ರೇಕು ಹಾಕಿ ಚಕ್ರಗಳನ್ನು ಕಚ್ಚಿ ಹಿಡಿಯುತ್ತದೆ. ನಾನು ಪಿನ್ನನ್ನು ಕಿತ್ತು ಜೇಬಿಗಿಳಿಸಿದೆ. “ತಳ್ಳಿ ನೋಡೋಣ.” ಬಂದವರೆಲ್ಲ ತಳ್ಳಿದರು. ಐರಾವತ ಬಂದಿದ್ದರೂ ಅಲುಗುತ್ತಿರಲಿಲ್ಲ. ಹೊಸಬರು ಬಂದಂತೆಲ್ಲ ಮತ್ತೆ ತಳ್ಳಿಸಿದೆ. ಕೇಸರಿಬಾತ್ ಖಾಲಿಯಾದರೂ ಪಿನ್ನು ನನ್ನ ಜೇಬಿನಲ್ಲೇ ಇತ್ತು.

“ರೀ, ಅದನ್ನ ವಾಪಸ್ ಹಾಕಿ. ಬ್ಯಾಟರಿ ಇಳಿದುಹೋಗತ್ತೆ,” ಅಂದಳು ಅಂಬುಜಾ.

“ಈ ಬ್ಯಾಟರಿ ಮೇಲೆ ಇಡೀ ಆಕ್ಲೆಂಡ್ ದೀಪಾವಳಿ ಮಾಡ್ಬಹುದು ಕಣೇ.”

“ನಿಮ್ಮ ಬಾಯಿಗೊಂದು ವೈರ್ ಕೊಟ್ರೆ ಅದೂ ಆಗತ್ತೆ.”

ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ.

ವಿಜಯದಶಮಿಯ ಬೆಳಿಗ್ಗೆ ಪಿನ್ನನ್ನು ವಾಪಸ್ ಸಿಕ್ಕಿಸಿ ಟೌರಂಗಾಕ್ಕೆ ಹೊರಟೆವು. ಮಧ್ಯಾಹ್ನ ಕೈಮಾಯಿ ಏರಿನ ತಿರುವೊಂದರಲ್ಲಿ ಹಿಂದೆ ಠಕ್ಕೆಂದಿತು. ಕನ್ನಡಿಯಲ್ಲಿ ನೋಡಿದೆ. ಕೊಂಡಿ ಕಳಚಿತ್ತು. ಸರಪಳಿ ಒಂದು ಗಳಿಗೆ ಜಗ್ಗಿ ಹಿಡಿಯಿತು, ಆಮೇಲೆ ಬಿಟ್ಟಿತು. ತಂತಿ ಬಿಗಿಯಿತು, ಪಿನ್ನು ಚಿಮ್ಮಿತು. ಎಲ್ಲ ನಾನು ವಾಸುದೇವನಿಗೆ ಹೇಳಿದ ಹಾಗೇ. ಚಕ್ರಗಳು ಮಾತ್ರ ಕಚ್ಚಲಿಲ್ಲ. ನಮ್ಮ ಮನೆ ಮೆಲ್ಲಗೆ, ಏನೋ ಮರೆತು ಬಂದವರಂತೆ ಹಿಂದಕ್ಕೆ ಹೊರಟಿತು, ಆಮೇಲೆ ಮೆಲ್ಲಗಿರಲಿಲ್ಲ. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಅದೊಂದೇ ಪುಣ್ಯ.

ಟೋ ಟ್ರಕ್ಕಿನವನು ಕೆಳಗಿಳಿದು ನೋಡಿ, ಅಂಬುಜಾಳ ಯೂನಿಫಾರ್ಮನ್ನು ಎತ್ತಿಕೊಂಡು ಬಂದು, ಎತ್ತಿದರೂ ಅದು ಮನೆಯಾಗುವುದಿಲ್ಲ ಅಂದ. ಯೂಟಿನ ಹಿಂದೆ ಕೊಂಡಿ ಕೂರುವ ಗುಂಡು ನಮ್ಮ ಕೊಂಡಿಗಿಂತ ಕೂದಲೆಳೆಯಷ್ಟು ಚಿಕ್ಕದೆಂದು ತೋರಿಸಿದ. ರಸ್ತೆಯಲ್ಲಿ ಬಿದ್ದಿದ್ದ ಸರಪಳಿಯ ತಿರುಪನ್ನೂ ಹೆಕ್ಕಿ ತಂದ. ಅದರ ಸುರುಳಿಗೆರೆಗಳ ನಡುವೆ ಹಾರದ ದಾರ ಸಿಕ್ಕಿಕೊಂಡಿತ್ತು. ತಿರುಪು ಪೂರ್ತಿ ಕೂತೇ ಇರಲಿಲ್ಲ. ಇದೇನು ಎಂದು ಕೇಳಿದ. ಹೂವು ಅಂದೆ.

ಅಂಬುಜಾ ರಸ್ತೆಯಂಚಿನ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದಳು.

“ನಾಳೆ ಬೆಳಿಗ್ಗೆ ನಂಗೆ ಡ್ಯೂಟಿ,” ಅಂದಳು.

“ಎಲ್ಲಾದ್ರೂ ಉಳ್ಕೊಳೋಣ.”

“ನನ್ನ ರೂಮಿದೆ. ನಾನು ಬಿಟ್ಟಿರ್ಲಿಲ್ಲ.”

“ಯಾಕೆ?”

“ಹನ್ನೊಂದು ವರ್ಷದಿಂದ ನಿಮ್ಮ ಮಾತು ಕೇಳ್ತಿದೀನಲ್ಲ.”

ಇಳಿಜಾರಿನುದ್ದಕ್ಕೂ ಯೂಟ್ ಹಗುರವಾಗಿ ಓಡಿತು. ಟೌರಂಗಾ ಬರುವವರೆಗೂ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ.

ಅವಳ ಕೋಣೆಯ ಮುಂದೆ ನಿಲ್ಲಿಸಿದೆ. ಕೆಸರಾದ ಯೂನಿಫಾರ್ಮ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದಳು.

“ನೀವೆಲ್ಲಿಗೆ?” ಕೇಳಿದಳು.

“ನಂಗೇನು, ಇಡೀ ಟೌರಂಗಾ ನನ್ದೇ.”

ನಗಬಹುದೆಂದು ಕಾದೆ. ಅವಳು ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.