ಹೆಬ್ಬೆರಳಿಗೆ ಎಷ್ಟು ಅಂಕ

ಮನುಷ್ಯ ತನ್ನ ಕಾಯಿಲೆಯಲ್ಲೂ ಫೇಲಾಗಬಹುದು ಎಂದು ಕ್ಲೆಮ್ ಪಾಶ್ಕೆಗೆ ಗೊತ್ತಾದದ್ದು ಯಾರದೋ ಹೊಲಕ್ಕೆ ಬೇಲಿ ಕಟ್ಟುತ್ತಿದ್ದಾಗ, ಫೋನಿನಲ್ಲಿ. ಅಡಿಲೇಡಿನ ಔಷಧ ಪ್ರಯೋಗ ಕೇಂದ್ರದ ನರ್ಸ್ ಮರಿಸೆಲ್ ಬಹಳ ಮರ್ಯಾದೆಯಿಂದಲೇ ಹೇಳಿದಳು.

"ಕ್ಲೆಮ್, ಈ ಸಲ ನಿಮ್ಮನ್ನ ಟ್ರಯಲ್‌ಗೆ ತಗೊಳ್ಳೋಕೆ ಆಗ್ತಿಲ್ಲ. ಬೇಕಾದಷ್ಟು ನೋವು ನಿಮಗಿಲ್ಲ."

"ಓ, ಪರವಾಗಿಲ್ಲ ಬಿಡಿ," ಎಂದ ಕ್ಲೆಮ್. ಫೋನು ಎಡಗೈಯಲ್ಲಿತ್ತು. ಬಲಗೈಯ ಹೆಬ್ಬೆರಳು ಬೆಳಗ್ಗೆಯಿಂದ ಫೋನನ್ನು ಕೂಡ ಹಿಡಿಯಲು ಒಪ್ಪಿರಲಿಲ್ಲ.

ತಪ್ಪು ಮರಿಸೆಲ್‌ಳದ್ದಲ್ಲ. ಮೊದಲ ಸಲ ಹೋದಾಗ ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಸವೆದ ಕೈಗಂಟುಗಳಿಗೆ ಹೊಸ ಮಾತ್ರೆ. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದದ್ದು, ಉಳಿದರ್ಧಕ್ಕೆ ನೋಡಲು ಅಂಥದ್ದೇ ಆದರೆ ಒಳಗೇನೂ ಇಲ್ಲದ್ದು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಆಮೇಲೆ ಕೇಳಿದ್ದಳು: "ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಊಹೆ ಮಾಡೋಕೂ ಆಗದಷ್ಟು. ಈ ಎರಡು ದಿನದಲ್ಲಿ ನಿಮ್ಮ ಕೈ ಎಷ್ಟು?"

"ಎರಡು," ಎಂದಿದ್ದ ಕ್ಲೆಮ್.

ಕ್ಲೆಮ್‌ನ ಊರಾದ ಮರ್ರಿ ಬ್ರಿಜ್‌ನಲ್ಲಿ 'ಹೇಗಿದ್ದೀಯ' ಎಂದು ಕೇಳಿದರೆ 'ದೂರೋ ಹಾಗಿಲ್ಲ' ಎನ್ನಬೇಕು. ಬೇರೆ ಉತ್ತರವನ್ನು ಯಾರೂ ಕಲಿಸಿಯೇ ಇಲ್ಲ. ಕ್ಲೆಮ್‌ನ ಅಪ್ಪ ಗರಗಸಕ್ಕೆ ಬೆರಳ ತುದಿ ಕೊಟ್ಟ ದಿನ, ಮಾಡಿಟ್ಟ ಟೀ ಆರಿಹೋಗುತ್ತದೆಂದು ಕುಡಿದು ಮುಗಿಸಿಯೇ ಆಸ್ಪತ್ರೆಗೆ ಹೊರಟಿದ್ದ. ಮನೆತನದ ಲೆಕ್ಕದಲ್ಲಿ ಅದು ಬಹುಶಃ ಮೂರು. ಹಾಗೆ ನೋಡಿದರೆ ಬರಿಯ ಹೆಬ್ಬೆರಳಿಗೆ ಎರಡು ಎಂದದ್ದೇ ಸ್ವಲ್ಪ ಜಂಬ ಎನಿಸಿ ಕ್ಲೆಮ್‌ಗೆ ನಾಚಿಕೆಯಾಗಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆಮೇಲೆ ಕೈಯ ಬಿಗಿ ಅಳೆಯುವ ಹಿಡಿಕೆ ಕೊಟ್ಟರು. ಇವನಿಗಿಂತ ಮುಂಚೆ ಹೋಗಿದ್ದ ಬಿಳಿಗಡ್ಡದ ಮುದುಕ ಅದನ್ನು ಚೆನ್ನಾಗಿಯೇ ಹಿಂಡಿ ಬಂದಿದ್ದ. ಬೇಲಿ ಕಟ್ಟುವವನು ಮುದುಕನಿಗೆ ಸೋಲುವುದೇ? ಕಣ್ಣಲ್ಲಿ ನೀರು ಬರುವವರೆಗೂ ಹಿಂಡಿದ. "ಬೇಕಾದ್ರೆ ಇನ್ನೂ ಒತ್ತಬಲ್ಲೆ," ಎಂದು ಬೇರೆ ಸೇರಿಸಿದ. ಆಮೇಲೆ ಕಾರಿನ ಬಾಗಿಲು ತೆಗೆಯಲಾಗದೆ, ಯಾರಿಗೋ ಕಾಯುವವನಂತೆ ನಟಿಸುತ್ತ ಬಹಳ ಹೊತ್ತು ನಿಂತಿದ್ದ. ರೋಗಿಯಾಗಿ ಆಯ್ಕೆಯಾಗಲು ಹೋಗಿ ಪೈಲ್ವಾನನಾಗಿ ಮರಳಿದ ಗಂಡಸು ಇಡೀ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇವನೊಬ್ಬನೇ ಇರಬೇಕು.

ಅವನಿಗೆ ಆ ಮಾತ್ರೆ ಬೇಕಿದ್ದದ್ದು ಬೇಲಿಗಲ್ಲ. ಬೇಲಿಗೆ ಯಂತ್ರಗಳಿದ್ದವು. ಬೇಕಿದ್ದದ್ದು ಜಡೆಗೆ.

ಹೆಂಡತಿ ಜೊಲೀನ್ ಉತ್ತರದ ಗಣಿಯೊಂದರಲ್ಲಿ ಅಡುಗೆಯವಳು. ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ಅವಳಿಲ್ಲದ ಶನಿವಾರಗಳಲ್ಲಿ ಒಂಬತ್ತು ವರ್ಷದ ಮಗಳು ಟೆಗನ್‌ಳ ನೆಟ್‌ಬಾಲ್ ಆಟಕ್ಕೆ ತಲೆ ಬಾಚುವವನು ಕ್ಲೆಮ್. ನೆತ್ತಿಯಿಂದಲೇ ಶುರುವಾಗಿ ತಲೆಗೆ ಅಂಟಿಕೊಂಡು ಬರುವ ಬಿಗಿ ಜಡೆ ಅದು. ಅದನ್ನವನು ಕೊಟ್ಟಿಗೆಯಲ್ಲಿ ಬೇಲಿತಂತಿಯ ಮೇಲೆ ಅಭ್ಯಾಸ ಮಾಡಿ ಕಲಿತಿದ್ದ. ಜಗತ್ತಿನಲ್ಲಿ ತಾನು ಚೆನ್ನಾಗಿ ಮಾಡುವ ಕೆಲಸ ಇದೊಂದೇ ಎಂದು ಒಳಗೊಳಗೇ ಬೀಗುತ್ತಿದ್ದ. ಕೂದಲನ್ನು ಚಿವುಟಿ ಹಿಡಿಯಲು ಹೆಬ್ಬೆರಳು ಬೇಕು. ಕೆಲ ಕಾಲದಿಂದ ಕೊನೆಯ ರಬ್ಬರ್ ಬ್ಯಾಂಡನ್ನು ಪ್ಲೈಯರ್‌ನಿಂದ ಎಳೆದು ಸುತ್ತುತ್ತಿದ್ದ. ಆದರೂ ಟೆಗನ್ ಕನ್ನಡಿ ನೋಡಿ ಪ್ರತಿ ಸಲವೂ ಹೇಳುತ್ತಿದ್ದಳು, "ಚೆನ್ನಾಗಿದೆ ಡ್ಯಾಡ್." ಅವನು ನಂಬುತ್ತಿದ್ದ.

"ಇನ್ನೊಂದು ಸಲ ಪರೀಕ್ಷೆಗೆ ಬರಬಹುದು," ಎಂದಳು ಮರಿಸೆಲ್ ಫೋನಿನಲ್ಲಿ. "ಒಂದೇ ಸಲ. ಕೆಲವು ವಾರ ಬಿಟ್ಟು."

"ಆಗ ಎಷ್ಟು ಅಂದ್ರೆ ಆಗತ್ತೆ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಎರಡಕ್ಕಿಂತ ಜಾಸ್ತಿನಾ?"

"ನಿಜ ಹೇಳಿದ್ರೆ ಸಾಕು ಕ್ಲೆಮ್."

"ನಿಜಾನೇ ಹೇಳಿದ್ದು."

"ಹೌದಾ," ಎಂದಳು. ಅವಳ ದನಿಯಲ್ಲಿ ಪ್ರಶ್ನೆಯೇ ಇರಲಿಲ್ಲ.

ಎರಡನೆಯ ಸಲ ಹೋಗುವಾಗ ಶಾಲೆಗೆ ರಜೆ. ಜೊಲೀನ್ ಗಣಿಯಲ್ಲಿ. ಹಾಗಾಗಿ ಟೆಗನ್ ಕೂಡ ಕಾರು ಹತ್ತಿದಳು. ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ ಕ್ಲೆಮ್ ಮುಂದಿನ ಗಾಜಿಗೆ ಹೇಳಿ ಹೇಳಿ ಅಭ್ಯಾಸ ಮಾಡಿದ. "ಆರು." ಸಾಲ ಕೇಳಿದಂತಾಯಿತು. "ಆರು," ಇನ್ನೂ ಗಟ್ಟಿಯಾಗಿ. ಈಗ ಚುನಾವಣೆಗೆ ನಿಂತವನಂತೆ ಕೇಳಿಸಿತು. ಬೆಟ್ಟ ಇಳಿದು ಅಡಿಲೇಡ್ ಕಾಣಿಸುವ ಹೊತ್ತಿಗೆ ಬಾಯಿ ಪಳಗಿತ್ತು.

ಮರಿಸೆಲ್ ಅದೇ ಪ್ರಶ್ನೆ ಕೇಳಿದಳು. ಕ್ಲೆಮ್ ಬಾಯಿ ತೆರೆದ. ಎದುರಿಗೆ ಪಾಪದ ಹೆಂಗಸು, ಬೆಳಗಿನಿಂದ ದುಡಿದು ದಣಿದಿದ್ದಾಳೆ, ಅವಳ ಮೇಲೆ ತನ್ನ ಹೆಬ್ಬೆರಳನ್ನು ಹೇರುವುದೇ?

"ಮೂರು," ಎಂದ. "ಬೇಕಾದ್ರೆ ಮೂರೂವರೆ ಹಾಕ್ಕೊಳ್ಳಿ."

ಮರಿಸೆಲ್‌ಳ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಏನೋ ಹೇಳಲು ಹೋಗಿ ನುಂಗಿಕೊಂಡಳು. ಹೇಳಿಕೊಟ್ಟರೆ ಪ್ರಯೋಗವೇ ಕೆಡುತ್ತದೆ. ಬರೆಯದೆ ಮುಂದಿನ ಪ್ರಶ್ನೆಗೆ ಹೋದಳು. "ಮನೇಲಿ ಕೈಯಿಂದ ಮಾಡೋ ಯಾವ ಕೆಲಸ ಕಷ್ಟ ಆಗ್ತಿದೆ?"

"ಅಂಥದ್ದೇನೂ ಇಲ್ಲ."

"ಜಡೆ," ಎಂದಳು ಮೂಲೆಯಲ್ಲಿ ಸೇಬು ಕಚ್ಚುತ್ತ ಕೂತಿದ್ದ ಟೆಗನ್.

"ಜಡೆ ಹಾಕ್ತೀನಲ್ಲ ಪುಟ್ಟಾ. ನೀನೇ ಚೆನ್ನಾಗಿದೆ ಅಂತೀಯ."

ಟೆಗನ್ ತನ್ನ ಶೂ ನೋಡಿಕೊಂಡಳು. "ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಬಿಚ್ಚಿಹೋಗತ್ತೆ. ಟಾಯ್ಲೆಟ್ ಹಿಂದೆ ಹೋಗಿ ಕೋಚ್ ಹತ್ರ ಮತ್ತೆ ಹಾಕಿಸ್ಕೋತೀನಿ."

"ಯಾವಾಗ್ಲಿಂದ?"

"ಹೋದ ವರ್ಷದಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಪ್ಲೈಯರ್ ಹಲ್ಲಲ್ಲಿ ಕಚ್ಕೊಂಡು ಅಷ್ಟು ಕಷ್ಟಪಡ್ತಿರ್ತೀಯ," ಎಂದಳು ಟೆಗನ್. "ದೂರೋ ಹಾಗಿರ್ಲಿಲ್ಲ."

ಮಗಳಿಗೆ ತನ್ನ ಮೂಗು ಬಂದಿದೆ ಎಂದು ಕ್ಲೆಮ್‌ಗೆ ಗೊತ್ತಿತ್ತು. ಇದೂ ಬಂದಿರುವುದು ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಅಪ್ಪನ ಮನಸ್ಸು ನೋಯಬಾರದೆಂದು ಟಾಯ್ಲೆಟ್ ಹಿಂದೆ ಕದ್ದು ತಲೆ ಬಾಚಿಸಿಕೊಳ್ಳುತ್ತಿದ್ದಳು. ಅಪ್ಪ ಆಚೆ, ಆಟದ ಅಂಕಣದ ಪಕ್ಕದಲ್ಲಿ ನಿಂತು, ಅದು ತನ್ನದೇ ಜಡೆಯೆಂದು ಬೇರೆ ತಾಯಂದಿರಿಗೆ ತೋರಿಸುತ್ತಿದ್ದ. ಒಬ್ಬಿಬ್ಬರಿಗೆ ಹೆಣೆಯುವ ಉಪಾಯವನ್ನೂ ಹೇಳಿಕೊಟ್ಟಿದ್ದ.

"ಮರಿಸೆಲ್, ಆ ಮೊದಲನೇ ಪ್ರಶ್ನೆ ಇನ್ನೊಂದು ಸಲ ಕೇಳ್ತೀರಾ?"

ಅವಳು ಕಾಗದ ನೋಡಿದಳು. "ಇನ್ನೂ ಬರೆದಿಲ್ಲ. ಕೇಳಬಹುದು." ಕೇಳಿದಳು.

"ಏಳು," ಎಂದ ಕ್ಲೆಮ್. ಕಿವಿ ಬಿಸಿಯಾಯಿತು. ಛಾವಣಿ ಬೀಳಲಿಲ್ಲ. "ಬೆಳಗ್ಗೆ ಹೊತ್ತು ಎಂಟು. ಪ್ಯಾಂಟಿನ ಗುಂಡಿ ಹಾಕೋಕೆ ಆಗಲ್ಲ. ಜಾಮ್ ಡಬ್ಬಿ ಮುಚ್ಚಳ ಕಾರಿನ ಬಾಗಿಲಿಗೆ ಸಿಗಿಸಿ ತಿರುಗಿಸ್ತೀನಿ. ಅವತ್ತು ಆ ಹಿಡಿಕೆ ಹಿಂಡಿದ್ದು ಬರೀ ಆ ಮುದುಕನ ಮೇಲಿನ ಹೊಟ್ಟೆಕಿಚ್ಚಿಗೆ. ಎಡಗೈನಲ್ಲೂ ಶುರುವಾಗಿದೆ. ಮೊನ್ನೆ ತಂತಿ ಬಿಗಿಯೋವಾಗ—"

"ಕ್ಲೆಮ್," ಎಂದಳು ಮರಿಸೆಲ್, "ನಂಗೆ ಒಂದೇ ಸಂಖ್ಯೆ ಸಾಕು."

ಈ ಸಲ ಹಿಡಿಕೆಯನ್ನೂ ಕೈಗೆ ಬಂದಷ್ಟೇ ಹಿಂಡಿದ. ಅಳತೆಯ ಮುಳ್ಳು ಸುಮ್ಮನೆ ಒಮ್ಮೆ ಕದಲಿ ಮಲಗಿತು. ಅವರು ಅವನನ್ನು ತೆಗೆದುಕೊಂಡರು. ಇಷ್ಟು ಕಡಿಮೆ ಅಂಕಕ್ಕೆ ಪಾಸಾದದ್ದು ಅವನ ಜೀವನದಲ್ಲಿ ಇದೇ ಮೊದಲು.

ಈಗ ದಿನಾ ಬೆಳಗ್ಗೆ ಒಂದು ಬಿಳಿ ಮಾತ್ರೆ. ಔಷಧವೋ ಸುಣ್ಣವೋ ಯಾರಿಗೂ ತಿಳಿಯದು. ರೈತರು ಆಕಾಶ ನೋಡುವಂತೆ ಕ್ಲೆಮ್ ಎದ್ದ ಕೂಡಲೇ ಹೆಬ್ಬೆರಳನ್ನು ನೋಡುತ್ತಾನೆ. ಒಂದು ದಿನ ಮಡಚುತ್ತದೆ, ಇನ್ನೊಂದು ದಿನ ಮುನಿಸಿಕೊಂಡು ಕೂರುತ್ತದೆ.

ಹೆಬ್ಬೆರಳು ಮುನಿಸಿಕೊಂಡ ಒಂದು ಶನಿವಾರ, ಅಂಕಣದ ಬೆಂಚಿನ ಮೇಲೆ ಟೆಗನ್‌ಳನ್ನು ಕೂರಿಸಿಕೊಂಡು ಅರ್ಧ ಜಡೆ ಹೆಣೆದು ನಿಲ್ಲಿಸಿಬಿಟ್ಟ. ಪ್ಲೈಯರ್ ಜೇಬಿನಲ್ಲೇ ಇತ್ತು. ಕೈ ಅತ್ತ ಹೋಯಿತು, ಮರಳಿ ಬಂತು.

"ಆಗ್ತಿಲ್ಲ ಪುಟ್ಟಾ," ಎಂದ. "ಬಾ." ಅರ್ಧ ಜಡೆಯ ಮಗಳನ್ನು ತಾನೇ ಕೋಚ್ ಬ್ರಾಂಟಿ ಶಿರ್ಮರ್ ಹತ್ತಿರ ಕರೆದೊಯ್ದ. ಟಾಯ್ಲೆಟ್ ಹಿಂದಕ್ಕಲ್ಲ, ಎಲ್ಲರ ಎದುರಿಗೆ.

"ಹೇಗಿದ್ದೀಯ ಕ್ಲೆಮ್?" ಎಂದಳು ಬ್ರಾಂಟಿ, ಎಲ್ಲರೂ ಕೇಳುವ ಹಾಗೆ.

"ಕೈ ತುಂಬಾ ನೋಯ್ತಿದೆ. ಉಳಿದದ್ದು ನೀನು ಹೆಣೀತೀಯಾ?"

ಆ ಪ್ರಶ್ನೆಗೆ ನಿಜವಾದ ಉತ್ತರ ಬಂದದ್ದನ್ನು ಬ್ರಾಂಟಿ ಎಂದೂ ಕಂಡಿರಲಿಲ್ಲ. ಪಕ್ಕದಲ್ಲಿ ಸಾಸೇಜ್ ಸುಡುತ್ತಿದ್ದ ಬೆವನ್, ಲಾರಿ ಓಡಿಸಿ ನಿವೃತ್ತನಾದವನು, ಇಕ್ಕಳ ಕೆಳಗಿಟ್ಟು ಅತ್ತಿತ್ತ ನೋಡಿದ.

"ನಂದೂ ಮೊಣಕಾಲು ಕಣೋ," ಎಂದ ಪಿಸುದನಿಯಲ್ಲಿ. "ಯಾರಿಗೂ ಹೇಳ್ಬೇಡ ಮಾರಾಯ."

ಬ್ರಾಂಟಿ ಹೆಣೆದಳು. ಕ್ಲೆಮ್ ರಬ್ಬರ್ ಬ್ಯಾಂಡ್ ಹಿಡಿದುಕೊಂಡು ನಿಂತ. ಆ ಕೆಲಸಕ್ಕೆ ಅವನ ಹೆಬ್ಬೆರಳು ಸಾಕಿತ್ತು.

"ಹತ್ತಕ್ಕೆ ಎಷ್ಟು?" ಎಂದು ಮಗಳನ್ನು ಕೇಳಿದ.

"ಕೋಚ್‌ದು ಒಂಬತ್ತು."

"ನಂದು?"

ಟೆಗನ್ ಅವನ ಮುಖವನ್ನು ಅಳೆದು ನೋಡಿದಳು. "ನಿಜ ಹೇಳ್ಲಾ?"

"ಹೇಳು."

"ಮೂರು," ಎಂದು ಅಂಕಣಕ್ಕೆ ಓಡಿದಳು.

ತನ್ನ ಜಡೆಗೆ ಕ್ಲೆಮ್ ಮನಸ್ಸಿನಲ್ಲೇ ಎರಡು ಕೊಟ್ಟುಕೊಂಡಿದ್ದ. ಆ ಇನ್ನೊಂದು ಅಂಕ ಜಡೆಗೆ ಸಿಕ್ಕಿತೋ, ಮರ್ಯಾದೆಗೆ ಸೇರಿಸಿದ್ದೋ ಎಂದು ಯೋಚಿಸುತ್ತ, ಬೆವನ್ ಕೊಟ್ಟ ಸಾಸೇಜನ್ನು ಎಡಗೈಯಲ್ಲಿ ಹಿಡಿದು ಆಟ ಮುಗಿಯುವವರೆಗೂ ನಿಂತಿದ್ದ.