ಬೆರಳು ಸಾಹೇಬರು

ಆ ನ್ಯಾಯಾಧೀಶರಿಗೆ ವಕೀಲರು ‘ಬೆರಳು ಸಾಹೇಬರು’ ಎಂದು ಹೆಸರಿಟ್ಟಿದ್ದರು. ‘ಆದೇಶಿಸಲಾಗಿದೆ’ ಎಂಬ ಪದವನ್ನು ನುಡಿಯುವ ಮುನ್ನ ಅವರ ತೋರುಬೆರಳು ಮೇಜಿನ ಮೇಲಿನ ಸಂವಿಧಾನದ ಯಾವುದಾದರೊಂದು ಸಾಲಿನ ಮೇಲೆ ಊರಿರಲೇಬೇಕು. ಆ ಆದೇಶಕ್ಕೆ ಅಧಿಕಾರ ಕೊಡುವ ಸಾಲು ಸಿಗುವ ತನಕ ವಾಕ್ಯ ಅರ್ಧದಲ್ಲೇ ನಿಂತಿರುತ್ತಿತ್ತು, ಹನ್ನೊಂದು ವರ್ಷಗಳಿಂದ ಅವರ ತೀರ್ಪು ಬರೆದುಕೊಳ್ಳುತ್ತಿದ್ದ ಶೀಘ್ರಲಿಪಿಗಾರ್ತಿಯ ಪೆನ್ಸಿಲೂ ನಿಂತಿರುತ್ತಿತ್ತು. ಮೊಣಕೈ ಸವೆದ ಕರಿ ಕೋಟು, ಎಡಕ್ಕೆ ವಾಲುವ ನಡಿಗೆ, ಮಾತಿಗೊಮ್ಮೆ ‘ಅದಿರಲಿ’ – ಇವನ್ನೆಲ್ಲ ಆಕೆ ಮನೆಯಲ್ಲಿ ಅಣಕಿಸಿ ಅಕ್ಕನ ಮಗಳನ್ನು ನಗಿಸುತ್ತಿದ್ದಳು. ಬೇರೆ ಯಾರಾದರೂ ನಕ್ಕರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅಂಥವಳಿಗೂ ಒಮ್ಮೆ ಅವರ ಮೇಲೆ ಸಿಟ್ಟು ಬಂತು. ಅಕ್ಕನ ಮಗಳ ಶಾಲೆ ರೈಲು ಹಳಿಯ ಆಚೆಗಿತ್ತು. ಹಳಿ ದಾಟದೆ ಗತ್ಯಂತರವಿಲ್ಲ. ಮೇಲ್ಸೇತುವೆ ಕಟ್ಟಲು ಸರ್ಕಾರಕ್ಕೆ ಆಜ್ಞಾಪಿಸಿ ಎಂದು ಆ ಶಾಲೆಯ ಮಕ್ಕಳ ತಾಯಂದಿರು ಅರ್ಜಿ ಹಾಕಿದ್ದರು. ಶಾಸನಸಭೆ ಆ ಸೇತುವೆಯನ್ನು ಬರುವ ವರ್ಷಗಳಿಗೆ ಮುಂದೂಡಿತ್ತು, ಅಷ್ಟೇ. ಯಾವ ಕಾನೂನನ್ನೂ ಮುರಿದಿರಲಿಲ್ಲ. ಸಾಹೇಬರ ಬೆರಳು ಪುಟದಿಂದ ಪುಟಕ್ಕೆ ಅಲೆದಾಡಿತು, ಎಲ್ಲೂ ಊರಲಿಲ್ಲ. ಕೊನೆಗೆ ಕನ್ನಡಕ ತೆಗೆದು, ಯಾರ ಮುಖವನ್ನೂ ನೋಡದೆ, ಅರ್ಜಿ ವಜಾ ಎಂದರು.

ಕೊಠಡಿಗೆ ಬಂದ ಮೇಲೆ ಆಕೆಗೆ ತಡೆಯಲಾಗಲಿಲ್ಲ. “ಒಂದು ಸಾಲು ಬರೆದಿದ್ರೆ ಸೇತುವೆ ಆಗ್ತಿತ್ತಲ್ಲ ಸಾರ್? ನಮ್ಮ ಅಕ್ಕನ ಮಗಳೂ ಆ ಹಳಿ ದಾಟ್ತಾಳೆ.”

“ಆಗ್ತಿತ್ತಮ್ಮ. ಆದ್ರೆ ಅದನ್ನ ತೀರ್ಮಾನ ಮಾಡೋರು ಜನ ಆರಿಸಿದೋರು. ನಾನು ಒಳ್ಳೇದಕ್ಕೆ ಅಂತ ಅವರ ಅಧಿಕಾರ ಕಿತ್ಕೊಂಡ್ರೆ, ನಾಳೆ ಈ ಕುರ್ಚೀಲಿ ಕೂತೋನು ಕೆಟ್ಟದ್ದಕ್ಕೂ ಕಿತ್ಕೋತಾನೆ. ಅವನನ್ನ ಯಾರು ತಡೀತಾರೆ?” ಎಂದರು. “ಅದಿರಲಿ, ಮಗೂನ ಒಬ್ಬಳನ್ನೇ ಕಳಿಸಬೇಡಿ.”

ಎಂಥಾ ಕಲ್ಲೆದೆಯಪ್ಪಾ ಎಂದು ಆಕೆ ಮನಸ್ಸಿನಲ್ಲೇ ಬೈದುಕೊಂಡಳು. ಮಗುವನ್ನು ತಾನೇ ಕೈಹಿಡಿದು ದಾಟಿಸತೊಡಗಿದಳು.

ಎಂಟು ತಿಂಗಳಿಗೆ ಸಾಹೇಬರು ನಿವೃತ್ತರಾದರು. ಮರುದಿನವೇ ಫೋನು. “ಅಮ್ಮಾ, ಬಿಡುವಾದಾಗ ಒಂದು ಮನವಿ ಟೈಪ್ ಮಾಡ್ಕೊಡ್ತೀರಾ?”

ಆ ವಾರ ಶಾಸಕರ ಕಚೇರಿಯ ಮುಂದೆ ಉದ್ದನೆಯ ಸಾಲು. ಶಾಲೆಯಿಂದ ಮಗುವಿನ ಕೈಹಿಡಿದು ಆ ದಾರಿಯಲ್ಲಿ ಬಂದ ಆಕೆ ನೋಡುತ್ತಾಳೆ: ಅದೇ ಕೋಟು, ಬಿಸಿಲಲ್ಲಿ, ಎಲ್ಲರಿಗಿಂತ ಹಿಂದೆ. ಗುಮಾಸ್ತ ಓಡಿಬಂದ. “ಅಯ್ಯೋ, ನೀವ್ಯಾಕೆ ಇಲ್ಲಿ ನಿಂತ್ರಿ ಸಾಹೇಬ್ರೇ? ಒಳಗೆ ಬನ್ನಿ!”

“ಬೇಡಪ್ಪ. ನನ್ನ ಸರದಿ ಬರಲಿ.”

ಅವರ ಕೈಯಲ್ಲಿದ್ದದ್ದು ಮೇಲ್ಸೇತುವೆಗಾಗಿ ಆಕೆಯೇ ಟೈಪ್ ಮಾಡಿಕೊಟ್ಟಿದ್ದ ಮನವಿ; ಮೊದಲ ಸಹಿ ಅವರದು. ಬೆರಳು ಆ ಸಹಿಯ ಮೇಲೆ ಊರಿತ್ತು. ಆಕೆ ಮಗುವಿನೊಡನೆ ಹೋಗಿ ಅವರ ಹಿಂದೆ ನಿಂತಳು. ಕೈಲಾಗುವುದನ್ನೆಲ್ಲ ಮಾಡಿಬಿಡುವವರನ್ನು ಲೋಕ ಬೇಗ ಮೆಚ್ಚುತ್ತದೆ. ತಮ್ಮದಲ್ಲದ ಅಧಿಕಾರವನ್ನು ಕರುಣೆಯ ನೆಪದಲ್ಲೂ ಮುಟ್ಟದ ಈ ಬಗೆಯ ಮನುಷ್ಯರು ಮಾತ್ರ, ಕುರ್ಚಿಯಿಂದ ಇಳಿದ ವಾರದಲ್ಲೇ, ಯಾವ ಸಂಕೋಚವೂ ಇಲ್ಲದೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬಲ್ಲರು.